ಜೋರು ಮಳೆ, ಜೋರು ಜ್ವರ: ಇಂಗ್ಲಿಷ್ ಪದಜೋಡಿಗಳನ್ನು ಕಲಿಯುವ ಬಗೆ

ಕಾಸರಗೋಡಿನ ಕಡೆ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು, ಪಕ್ಕದ ಮನೆಯ ಗಲಾಟೆಯೂ ಜೋರು. ಇಂಗ್ಲಿಷಿನಲ್ಲಾದರೆ ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಜ್ವರಕ್ಕೆ ‘ಹೈ’, ಗಲಾಟೆಗೆ ‘ಲೌಡ್’. ‘ಸ್ಟ್ರಾಂಗ್ ರೇನ್’ ಎಂದು ಬರೆದರೆ ವ್ಯಾಕರಣವೇನೂ ಕೆಡುವುದಿಲ್ಲ, ಅರ್ಥವೂ ಆಗುತ್ತದೆ. ಆದರೆ ಆ ಭಾಷೆಯಲ್ಲಿ ಹಾಗೆ ಹೇಳುವ ರೂಢಿಯಿಲ್ಲ. ಹೀಗೆ ರೂಢಿಯಿಂದ ಜೊತೆಗೂಡುವ ಪದಗಳನ್ನೇ ಕಾಲೊಕೇಶನ್ ಎನ್ನುವುದು. ನಮ್ಮಲ್ಲೂ ಕಾಡು ದಟ್ಟ, ನಿದ್ದೆ ಗಾಢ; ಅದಲುಬದಲು ಮಾಡಿದರೆ ಕಿವಿ ಒಪ್ಪುವುದಿಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕಾಸರಗೋಡು ಸರಕಾರಿ ಕಾಲೇಜಿಗೋ, ಮಂಜೇಶ್ವರದ ಗೋವಿಂದ ಪೈ ಕಾಲೇಜಿಗೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಸೇರಿದವರಿಗೆ ಬಿಡಿ ಪದಗಳು ಸಾಕಷ್ಟು ಗೊತ್ತಿರುತ್ತವೆ. ತೊಡಕು ಇರುವುದು ಜೋಡಿಸುವಲ್ಲಿ. ಅದರಲ್ಲೂ ಕನ್ನಡದ ‘ಮಾಡು’, ತುಳುವಿನ ‘ಮಲ್ಪು’, ಮಲಯಾಳದ ‘ಚೆಯ್ಯುಕ’ ಮೂರೂ ಒಂದೇ ದಾರಿಯಲ್ಲಿ ಎಳೆಯುವುದರಿಂದ ‘ಡೂ ಎ ಮಿಸ್ಟೇಕ್’ ಎಂಬುದು ಸರಿಯೆಂದೇ ಅನಿಸುತ್ತದೆ.

ಆದ್ದರಿಂದ ಇಂಗ್ಲಿಷ್ ಪಟ್ಟಿಗಳನ್ನು ಎ ಯಿಂದ ಝಡ್‌ವರೆಗೆ ಉರು ಹೊಡೆಯಬೇಡಿ. ಕನ್ನಡದಲ್ಲಿ ಎಲ್ಲ ಕಡೆಗೂ ಓಡಾಡುವ ಪದಗಳಿಂದ ಶುರು ಮಾಡಿ: ಮಾಡು, ಹಾಕು, ಕೊಡು, ಜೋರು, ದೊಡ್ಡ. ಒಂದೊಂದಕ್ಕೂ ನೋಟ್‌ಬುಕ್ಕಿನ ಒಂದು ಪುಟ ಬಿಡಿ. ‘ಮಾಡು’ ಪುಟದಲ್ಲಿ ತಪ್ಪಿಗೆ ‘ಮೇಕ್’, ಹೋಂವರ್ಕಿಗೆ ‘ಡೂ’, ಊಟಕ್ಕೆ ‘ಹ್ಯಾವ್’, ಭಾಷಣಕ್ಕೆ ‘ಗಿವ್’, ಅಪರಾಧಕ್ಕೆ ‘ಕಮಿಟ್’. ‘ಹಾಕು’ ಪುಟದಲ್ಲಿ ಓಟಿಗೆ ‘ಕಾಸ್ಟ್’, ಲೈಟಿಗೆ ‘ಟರ್ನ್ ಆನ್’, ಅರ್ಜಿಗೆ ‘ಸಬ್‌ಮಿಟ್’. ಸಹಿಗೆ ಬೇರೆ ಕ್ರಿಯಾಪದವೇ ಬೇಡ, ‘ಸೈನ್’ ಒಂದೇ ಸಾಕು. ಪುಟಗಳನ್ನು ಒಂದೇ ದಿನ ತುಂಬಿಸಬೇಡಿ. ‘ಡೂ’ ಮತ್ತು ‘ಮೇಕ್’ ಜೋಡಿಗಳನ್ನು ಒಟ್ಟಿಗೆ ಬಾಯಿಪಾಠ ಮಾಡಿದರೆ ಪರೀಕ್ಷೆಯ ಹೊತ್ತಿಗೆ ಯಾವುದು ಯಾವುದರ ಜೊತೆ ಎಂಬುದೇ ಕಲಸಿಹೋಗುತ್ತದೆ. ಈ ವಾರ ಒಂದು, ಅದು ನೆಲೆಯಾದ ಮೇಲೆ ಇನ್ನೊಂದು.

ಉಳಿದ ಜೋಡಿಗಳು ಓದಿನಿಂದ ಬರಬೇಕು. ದಿನಕ್ಕೆ 300 ಪದಗಳಷ್ಟು ಉದ್ದದ ಒಂದು ಇಂಗ್ಲಿಷ್ ವರದಿ ಸಾಕು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಸುದ್ದಿ ಎಂದಿಟ್ಟುಕೊಳ್ಳಿ. ಒಮ್ಮೆ ಅರ್ಥಕ್ಕಾಗಿ ಓದಿ. ಎರಡನೇ ಸಲ ನಾಮಪದಗಳಿಗೆ ಗೆರೆ ಎಳೆದು, ಪ್ರತಿಯೊಂದರ ಎಡಕ್ಕೆ ಯಾವ ಕ್ರಿಯಾಪದ, ಯಾವ ವಿಶೇಷಣ ಬಂದಿದೆ, ಬಲಕ್ಕೆ ಯಾವ ಪ್ರಿಪೊಸಿಶನ್ ಇದೆ ಎಂದು ನೋಡಿ. ‘ಹೆವಿ ಟ್ರಾಫಿಕ್’, ‘ಕಾಸ್ ಎ ಡಿಲೇ’, ‘ಮೀಟ್ ದ ಡೆಡ್‌ಲೈನ್’ ಇಂಥವು ಸಿಗುತ್ತವೆ. ‘ನ್ಯೂ ರೋಡ್’ ಬರೆದುಕೊಳ್ಳಬೇಕಾಗಿಲ್ಲ. ‘ನ್ಯೂ’ ಯಾವುದರ ಜೊತೆಗೂ ಹೋಗುತ್ತದೆ. ನೀವಾಗಿ ಬರೆದಿದ್ದರೆ ಬೇರೆ ಪದ ಹಾಕುತ್ತಿದ್ದಿರಿ ಎನಿಸುವಂಥ ಐದಾರು ಜೋಡಿಗಳನ್ನು ಮಾತ್ರ ಆರಿಸಿ. ಇಪ್ಪತ್ತು ಬರೆದುಕೊಂಡವರು ಮರುದಿನ ಪುಸ್ತಕ ತೆರೆಯುವುದಿಲ್ಲ.

ಬರೆದುಕೊಳ್ಳುವಾಗ ಜೋಡಿಯನ್ನು ಮುರಿಯಬೇಡಿ. ‘ಅಟೆನ್ಶನ್ ಎಂದರೆ ಗಮನ’ ಎಂಬ ಟಿಪ್ಪಣಿಯಿಂದ ಏನೂ ಸಿಗದು. ‘ಪೇ ಅಟೆನ್ಶನ್ ಟು’ ಎಂದು ಕೊನೆಯ ‘ಟು’ ಸಮೇತ ಇರಲಿ. ಎಡಗಡೆ ಇಡೀ ಕನ್ನಡ ವಾಕ್ಯ, ಬಲಗಡೆ ಕ್ರಿಯಾಪದದ ಜಾಗ ಖಾಲಿ ಬಿಟ್ಟ ಇಂಗ್ಲಿಷ್ ವಾಕ್ಯ, ಉತ್ತರ ಪುಟದ ಹಿಂದೆ. ಮರುದಿನ, ಮೂರನೇ ದಿನ, ಏಳನೇ ದಿನ, ಮೂರು ವಾರ ಕಳೆದ ಮೇಲೆ ಖಾಲಿ ಜಾಗ ತುಂಬಿಸಿ ನೋಡಿ. ತಪ್ಪಿದ್ದು ಮತ್ತೆ ಮೊದಲ ದಿನಕ್ಕೆ. ಸರಿ ಬಂದದ್ದನ್ನು ಅದೇ ವಾರ ಒಂದು ಇಮೇಲಿನಲ್ಲೋ ಸೆಮಿನಾರಿನಲ್ಲೋ ಬಳಸಿ. ಓದುವಾಗ ಗುರುತು ಸಿಗುವುದು ಬೇರೆ, ಬಾಯಿಗೆ ಬರುವುದೇ ಬೇರೆ.

ಅನುಮಾನ ಬಂದರೆ ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ ನೋಡಿ. ಮೊದಲು 2002ರಲ್ಲಿ ಬಂದ ಪುಸ್ತಕ, ಕಾಲೇಜು ಲೈಬ್ರರಿಯಲ್ಲಿ ವಿಚಾರಿಸಿ. ಅದರಲ್ಲಿ ಹುಡುಕಬೇಕಾದ್ದು ನಾಮಪದವನ್ನು: ‘ಡಿಸಿಶನ್’ ತೆರೆದರೆ ‘ಮೇಕ್’, ‘ರೀಚ್’ ಅಲ್ಲೇ ಇರುತ್ತವೆ. ಮೊಬೈಲಿನಲ್ಲಾದರೆ ಸ್ಕೆಲ್ (SkELL) ಎಂಬ ಉಚಿತ ತಾಣವಿದೆ. ಪದ ಟೈಪ್ ಮಾಡಿ ‘ವರ್ಡ್ ಸ್ಕೆಚ್’ ಒತ್ತಿದರೆ ಅದರ ಜೊತೆಗಾರ ಪದಗಳ ಪಟ್ಟಿ ಬರುತ್ತದೆ. ಗೂಗಲಿನಲ್ಲಿ ಎಷ್ಟು ಫಲಿತಾಂಶ ಬಂತು ಎಂದು ಎಣಿಸಿ ತೀರ್ಮಾನಿಸಬೇಡಿ. ‘ಡೂ ಎ ಮಿಸ್ಟೇಕ್’ ಕೂಡ ಅಲ್ಲಿ ಧಾರಾಳವಾಗಿ ಸಿಗುತ್ತದೆ, ಜಗತ್ತಿನ ಕಲಿಯುವವರೆಲ್ಲ ಅದೇ ತಪ್ಪು ಬರೆಯುವುದರಿಂದ. ಸಮಾನಾರ್ಥಕ ಪದಕೋಶವೂ ಹೀಗೆಯೇ ದಾರಿ ತಪ್ಪಿಸುತ್ತದೆ: ‘ಸ್ಟ್ರಾಂಗ್’ ಬದಲು ‘ಪವರ್‌ಫುಲ್’ ಎತ್ತಿಕೊಂಡರೆ ‘ಪವರ್‌ಫುಲ್ ಟೀ’ ಆಗುತ್ತದೆ. ಅಂಥ ಚಹಾ ಯಾವ ಹೋಟೆಲಿನಲ್ಲೂ ಇಲ್ಲ.

ಎಲ್ಲ ಭಾರತೀಯ ಪ್ರಯೋಗವನ್ನೂ ತಪ್ಪೆಂದು ಅಳಿಸಬೇಕಾಗಿಲ್ಲ. ‘ಟೇಕ್ ಎ ಡಿಸಿಶನ್’ ಬ್ರಿಟನ್ನಿನಲ್ಲೂ ಇದೆ. ‘ರೈಟ್ ಆ್ಯನ್ ಎಗ್ಸಾಂ’ ನಮ್ಮಲ್ಲಿ ನಡೆಯುತ್ತದೆ. ಹೊರಗಿನವರಿಗೆ ಬರೆಯುವಾಗ ‘ಟೇಕ್’ ಎಂದರಾಯಿತು. ಆದರೆ ‘ಡಿಸ್ಕಸ್ ಅಬೌಟ್’, ‘ಮ್ಯಾರೀಡ್ ವಿತ್’ ಎರಡನ್ನೂ ಬಿಡಲೇಬೇಕು: ಮೊದಲನೆಯದಕ್ಕೆ ‘ಅಬೌಟ್’ ಬೇಡ, ಎರಡನೆಯದಕ್ಕೆ ‘ಟು’ ಬರಬೇಕು. ನರ್ಸಿಂಗ್ ಓದಿ ಹೊರದೇಶಕ್ಕೆ ಹೊರಟವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಶಬ್ದಸಂಪತ್ತಿನ ಅಂಕದಲ್ಲಿ ಪದಜೋಡಿಗಳ ಅರಿವೂ ಲೆಕ್ಕಕ್ಕೆ ಬರುತ್ತದೆ.