ಟೊಮೇಟೊ ಸಸಿಯನ್ನು ಮಲಗಿಸಿ ನೆಟ್ಟೆ

ನಮ್ಮದು ತೀರ್ಥಹಳ್ಳಿ ಕಡೆ. ಟೊಮೇಟೊ ಸಸಿ ಆಳಕ್ಕೆ ನೆಟ್ಟಷ್ಟೂ ಒಳ್ಳೆಯದು ಅಂತ ಯಾರೋ ಹೇಳಿದ್ದನ್ನು ನಂಬಿ, ಮೊದಲ ವರ್ಷ ಜೂನ್‌ನಲ್ಲೇ ಹಿತ್ತಲಲ್ಲಿ ಗೇಣುದ್ದ ಗುಂಡಿ ತೆಗೆದು 12 ಸಸಿ ಹೂತೆ. ಜುಲೈ ಮಳೆ ಗೊತ್ತಲ್ವಾ? ಗುಂಡಿ ಗುಂಡಿಯಲ್ಲೂ ನೀರು. ಒಂದನ್ನು ಕಿತ್ತು ನೋಡಿದರೆ ಬುಡ ಕಂದಿ, ಸಿಪ್ಪೆ ಕೈಗೇ ಬಂತು. ಬಾಕಿಯವೂ ಹಾಗೇ ಹೋದವು.

ಹೇಳಿದವರ ಮಾತು ಸುಳ್ಳಲ್ಲ. ಟೊಮೇಟೊ ಕಾಂಡ ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. ಮೈಮೇಲಿನ ರೋಮವೇ ಬೇರಾಗುತ್ತದೆ ಅನ್ನುವವರಿದ್ದಾರೆ, ಅದಲ್ಲ. ಬೇರು ಕಾಂಡದ ಒಳಗಿಂದ ಹೊರಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬುಡ ನೋಡಿ, ಅಕ್ಕಿ ನುಚ್ಚಿನಂಥ ಬಿಳಿ ಗುಳ್ಳೆ ಕಾಣುತ್ತದೆ. ಆದರೆ ಬೇರಿಗೂ ಗಾಳಿ ಬೇಕು.

ಮರುವರ್ಷ ದೀಪಾವಳಿ ಕಳೆಯುವ ತನಕ ಕಾದೆ. ಮುಕ್ಕಾಲು ಅಡಿ ಎತ್ತರಕ್ಕೆ ಮಡಿ ಏರಿಸಿ, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿದೆ. ತಿಂಗಳ ಸಸಿ, ಉದ್ದಕ್ಕೆ ಸೊರಗಿ ಬೆಳೆದಿತ್ತು. ಹಿಂದಿನ ಸಂಜೆಯೇ ಕೆಳಗಿನ ಎಲೆಗಳನ್ನು ಚಿವುಟಿದೆ, ಗಾಯ ಒಣಗಲಿ ಅಂತ. ಬೆಳಿಗ್ಗೆ ನಾಲ್ಕು ಬೆರಳು ಆಳದ ಸಾಲು ತೆಗೆದು ಸಸಿಯನ್ನು ಅಡ್ಡ ಮಲಗಿಸಿದೆ. ತುದಿಯ ನಾಲ್ಕೈದು ಎಲೆ ಮಾತ್ರ ಹೊರಗೆ.

ಅಮ್ಮ ನೋಡಿ, "ಇದೇನೋ, ಕಬ್ಬು ನೆಡ್ತಿದೀಯಾ?" ಅಂದರು.

ತುದಿಯನ್ನು ಕೈಯಿಂದ ಎತ್ತಿ ನಿಲ್ಲಿಸಲು ಹೋಗಬೇಡಿ, ಪಟ್ಟನೆ ಮುರಿಯುತ್ತದೆ. ಎರಡು ದಿನದಲ್ಲಿ ತಾನಾಗೇ ಬೆಳಕಿನ ಕಡೆ ತಿರುಗುತ್ತದೆ. ಆಧಾರದ ಅಡಿಕೆ ದಬ್ಬೆಯನ್ನು ಸಸಿ ನೆಡುವಾಗಲೇ ಊರಿಬಿಡಿ. ಆಮೇಲೆ ಊರಿದರೆ ಮಣ್ಣೊಳಗೆ ಮಲಗಿದ ಕಾಂಡಕ್ಕೇ ಚುಚ್ಚುತ್ತದೆ. ನಾನು ಒಂದಕ್ಕೆ ಚುಚ್ಚಿದೆ.

ಗಿಡ ಚೆನ್ನಾಗಿ ಬಂತು. ಆದರೂ ಕಾಯಿ ಹಿಡಿಯುವ ಹೊತ್ತಿಗೆ ಎರಡು ಗಿಡ ಹಸಿರಾಗಿರುವಾಗಲೇ ಜೋತುಬಿದ್ದವು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತೂಗಿ ಹಿಡಿದೆ. ತುಸು ಹೊತ್ತಿಗೆ ಹಾಲಿನ ಎಳೆಯಂತೆ ಬಿಳೀ ದಾರ ಇಳಿಯಿತು. ಬ್ಯಾಕ್ಟೀರಿಯಾ ಸೊರಗು ರೋಗ. ಇದಕ್ಕೆ ನೆಡುವ ಆಳ ಏನೂ ಮಾಡಲ್ಲ. ಅಲ್ಲಿಂದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅರ್ಕಾ ರಕ್ಷಕ್ ಹಾಕುತ್ತಿದ್ದೇನೆ. ಸೊರಗು, ಎಲೆ ಮುದುಡು, ಅಂಗಮಾರಿ ಮೂರನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಮಲಗಿಸಿ ನೆಡಲೂ ಅಡ್ಡಿಯಿಲ್ಲ.

ಕಸಿ ಸಸಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಸೊರಗು ರೋಗ ತಡೆಯುವ ಬದನೆ ಬೇರಿನ ಮೇಲೆ ಟೊಮೇಟೊ ಕಟ್ಟಿದ್ದನ್ನು ತಂದು ಅಭ್ಯಾಸಬಲದಿಂದ ಕಸಿ ಗಂಟಿನ ಮೇಲಕ್ಕೂ ಹೂತಿದ್ದೆ. ಟೊಮೇಟೊ ತನ್ನದೇ ಬೇರು ಬಿಟ್ಟು ಅದೇ ರೋಗದ ಮಣ್ಣಿಗೆ ಇಳಿಯಿತು. ಬದನೆ ಬೇರಿಗೆ ಕೊಟ್ಟ ದುಡ್ಡು ದಂಡ. ಈಗ ಗಂಟು ಮಣ್ಣಿಂದ ಎರಡು ಬೆರಳು ಮೇಲಿರುವಂತೆ ನೆಡುತ್ತೇನೆ. ಅಮ್ಮ ಬುಡಕ್ಕೆ ಮಣ್ಣು ಏರಿಸಲು ಗುದ್ದಲಿ ಹಿಡಿದು ಬಂದರೆ ಆ ಸಾಲಿನ ಮುಂದೆ ನಾನೇ ಅಡ್ಡ ನಿಲ್ಲುತ್ತೇನೆ.