ನಿಂಬೆ ಸ್ಕ್ವಾಷ್‌ಗೆ ಕೆಎಂಎಸ್ ಹಾಕುವ ಲೆಕ್ಕ

ಮನೆಯಲ್ಲಿ ಸ್ಕ್ವಾಷ್ ಮಾಡುವವರಲ್ಲಿ ಹೆಚ್ಚಿನವರು ಕೆಡದಂತೆ ಬಳಸುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿಯನ್ನು "ಒಂದು ಟೀ ಚಮಚ" ಎಂದು ಹಾಕಿಬಿಡುತ್ತಾರೆ. ಎಡವಟ್ಟು ಅಲ್ಲೇ.

ನಾನು ತೆಗೆದುಕೊಳ್ಳುವುದು 1 ಲೀಟರ್ ನಿಂಬೆರಸ, 1 ಲೀಟರ್ ನೀರು, 2 ಕೆಜಿ ಸಕ್ಕರೆ. ಒಟ್ಟು ಸುಮಾರು 4 ಕೆಜಿ. ಕೆಎಂಎಸ್ ತೂಕದಲ್ಲಿ ಶೇ. 57ರಷ್ಟು ಸಲ್ಫರ್ ಡೈಆಕ್ಸೈಡ್ ಆಗಿ ಬಿಡುಗಡೆಯಾಗುತ್ತದೆ. ಸ್ಕ್ವಾಷ್‌ನಲ್ಲಿ ಅದಕ್ಕಿರುವ ಮಿತಿ ಕೆಜಿಗೆ 350 ಮಿಲಿಗ್ರಾಂ. ಅಂದರೆ ಕೆಜಿಗೆ 0.6 ಗ್ರಾಂ ಪುಡಿ, ನಾಲ್ಕು ಕೆಜಿಗೆ 2.4 ಗ್ರಾಂ. ಚಮಚದಲ್ಲಿ 5 ಗ್ರಾಂ ಬಿದ್ದರೆ ಮಿತಿಯ ದುಪ್ಪಟ್ಟು.

ಅಡುಗೆಮನೆಯ ತಕ್ಕಡಿಯಲ್ಲಿ 2.4 ಗ್ರಾಂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ 6 ಗ್ರಾಂ ತೂಗಿ ನೀರಲ್ಲಿ ಕರಗಿಸಿ 100 ಮಿಲಿ ಮಾಡಿಕೊಂಡು, ಮೆಡಿಕಲ್ ಶಾಪಿನ 10 ಮಿಲಿ ಸಿರಿಂಜಿನಿಂದ ಕೆಜಿಗೆ 10 ಮಿಲಿ ಹಾಕುತ್ತೇನೆ. ಉಳಿದ ದ್ರಾವಣ ಇಟ್ಟುಕೊಳ್ಳಬಾರದು, ಶಕ್ತಿ ಇಳಿಯುತ್ತದೆ.

ಸಕ್ಕರೆ ಪಾಕ ಕುದಿಸಿ, ಸೋಸಿ, ಪೂರ್ತಿ ಆರಿದ ಮೇಲೆ ರಸ ಬೆರೆಸಬೇಕು, ಕೆಎಂಎಸ್ ಕೊನೆಗೆ. ಬಿಸಿ ಪಾಕಕ್ಕೆ ಹಾಕಿದರೆ ಅನಿಲ ಹಾರಿಹೋಗಿ, ವಾರಗಳಲ್ಲಿ ಹುದುಗು ಬಂದು ಬಾಟಲಿ ಮುಚ್ಚಳ ಉಬ್ಬುತ್ತದೆ. ತೇವ ತಗುಲಿ ಗಟ್ಟಿಯಾದ ಹಳೇ ಪುಡಿಯೂ ಹೀಗೇ ಕೈಕೊಡುತ್ತದೆ. ಆಗ ಬೇರೆ ಪೊಟ್ಟಣ ತರಬೇಕೇ ಹೊರತು ಅದನ್ನೇ ಎರಡು ಪಾಲು ಸುರಿಯಬಾರದು. ಒಳ್ಳೆ ಪುಡಿಗೆ ಆಗತಾನೆ ಗೀರಿದ ಬೆಂಕಿಕಡ್ಡಿಯ ಘಾಟು ಇರುತ್ತದೆ.

ಆ ಘಾಟೇ ಆಸ್ತಮಾ ಇರುವವರಿಗೆ ಶತ್ರು. ಬಾಟಲಿ ತೆರೆದೊಡನೆ ಮೂಗಿಗೆ ಹೊಡೆಯುವ ಅನಿಲ ಕೆಲವರಲ್ಲಿ ಉಬ್ಬಸ ತರುತ್ತದೆ. ಅಂಥವರಿಗೆ ಈ ಬಾಟಲಿ ಬೇಡ. ಅಂಗಡಿ ಬಾಟಲಿಯ ಲೇಬಲ್‌ನಲ್ಲೂ ಈ ಬಗೆಯ ಸಂರಕ್ಷಕಗಳ ಗುರುತಾದ 220ರಿಂದ 228ರವರೆಗಿನ ಸಂಖ್ಯೆ ಕಂಡರೆ ವಾಪಸ್ ಇಡಿ. ಉಳಿದವರಿಗೆ, ಡಬ್ಲ್ಯುಎಚ್‌ಒ-ಎಫ್‌ಎಒ ತಜ್ಞರ ಸಮಿತಿಯ ಪ್ರಕಾರ ಜೀವನವಿಡೀ ದಿನಕ್ಕೆ ದೇಹದ ತೂಕದ ಕೆಜಿಗೆ 0.7 ಮಿಲಿಗ್ರಾಂವರೆಗೆ ಸಲ್ಫರ್ ಡೈಆಕ್ಸೈಡ್ ಪರವಾಗಿಲ್ಲ. 20 ಕೆಜಿ ಮಗುವಿಗೆ ಅದು 14 ಮಿಲಿಗ್ರಾಂ. ಮಿತಿಯೊಳಗೇ ಮಾಡಿದ ಸ್ಕ್ವಾಷ್ 50 ಮಿಲಿ ಬೆರೆಸಿದ ಒಂದು ಲೋಟದಲ್ಲೇ ಸುಮಾರು 20 ಹೋಗುತ್ತದೆ! ಅಪರೂಪಕ್ಕೆ ಕುಡಿದರೆ ಭಯಪಡಬೇಕಿಲ್ಲ, ದಿನಾ ಸಂಜೆ ಕೊಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ನೇರಳೆ, ದ್ರಾಕ್ಷಿಗೆ ಕೆಎಂಎಸ್ ಹಾಕಿದರೆ ಬಣ್ಣ ಬಿಳಚುತ್ತದೆ. ಅವಕ್ಕೆ ಇನ್ನೊಂದು ಸಂರಕ್ಷಕವಾದ ಸೋಡಿಯಂ ಬೆಂಜೊಯೇಟ್, ಕೆಜಿಗೆ 0.7 ಗ್ರಾಂ ಮೀರದಂತೆ. ಹುಳಿ ಸಾಲದಿದ್ದರೆ ಅದು ಕೆಲಸ ಮಾಡುವುದಿಲ್ಲ, ಪಿಎಚ್ 4ಕ್ಕಿಂತ ಕೆಳಗಿರಬೇಕು. ನಿಂಬೆಗೆ ಮಾತ್ರ ಬೆಂಜೊಯೇಟ್ ಬಳಸುವುದಿಲ್ಲ: ಸಿ ವಿಟಮಿನ್ ಜತೆ ಸೇರಿ, ಬಿಸಿಲು-ಶಾಖ ತಾಗಿದರೆ ಅಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು, ಅದು ಕ್ಯಾನ್ಸರ್‌ಕಾರಕ.

ಪುನರ್ಪುಳಿ ಸಿಪ್ಪೆಗೆ ಎರಡೂ ಬೇಡ. ಭರಣಿಯಲ್ಲಿ ಸಿಪ್ಪೆ-ಸಕ್ಕರೆ ಪದರ ಪದರವಾಗಿ ತುಂಬಿ ಬಿಸಿಲಿಗಿಟ್ಟು ತೆಗೆದ ಪಾಕದಲ್ಲಿ ಸಕ್ಕರೆ ಶೇ. 65 ದಾಟಿದ್ದರೆ ಅದೇ ಕಾಯುತ್ತದೆ. ನಿಂಬೆಯನ್ನೂ ತಿಂಗಳೊಳಗೆ ಮುಗಿಸುವುದಾದರೆ ನಾನು ಕೆಎಂಎಸ್ ಮುಟ್ಟುವುದಿಲ್ಲ, ಕುದಿನೀರಲ್ಲಿ ತೊಳೆದ ಚಿಕ್ಕ ಬಾಟಲಿಗಳಲ್ಲಿ ತುಂಬಿ ಫ್ರಿಜ್‌ಗೆ ಇಡುತ್ತೇನೆ.