‘ಶಿಥಿಲ’ ಎಂಬ ಷರಾ ಬೀಳುವ ಮುನ್ನ: ಊರಿನ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವುದು ಹೇಗೆ?

ಜೆಸಿಬಿ ಬಂದು ನಿಲ್ಲುವ ಹೊತ್ತಿಗೆ ಹಳೆಯ ಕಟ್ಟಡದ ಕಥೆ ಮುಗಿದೇ ಹೋಗಿರುತ್ತದೆ. ಅದಕ್ಕೂ ಎಷ್ಟೋ ತಿಂಗಳ ಹಿಂದೆ ಯಾವುದೋ ಕಡತದಲ್ಲಿ ‘ಕಟ್ಟಡವು ಶಿಥಿಲಾವಸ್ಥೆಯಲ್ಲಿದ್ದು ತೆರವುಗೊಳಿಸಬಹುದಾಗಿದೆ’ ಎಂಬ ಒಂದು ಸಾಲು ಬಿದ್ದಿರುತ್ತದೆ. ಆಮೇಲೆ ಮರಮುಟ್ಟಿನ ಹರಾಜು, ಹೊಸ ಕಟ್ಟಡದ ಅಂದಾಜು ಪಟ್ಟಿ, ಗುದ್ದಲಿ ಪೂಜೆ ಒಂದರ ಹಿಂದೊಂದು ನಡೆಯುತ್ತವೆ. ಹಾಗಾಗಿ ಉಳಿಸುವ ಕೆಲಸ ಆ ಸಾಲು ಬರೆಯುವುದಕ್ಕೆ ಮೊದಲೇ ಶುರುವಾಗಬೇಕು. ಎಂಜಿನಿಯರುಗಳ ಭಯಕ್ಕೆ ಆಧಾರವಿಲ್ಲವೆಂದಲ್ಲ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು; 2016ರಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆದರೆ ಸಣ್ಣ ಊರುಗಳಲ್ಲಿ ‘ಶಿಥಿಲ’ ಎನಿಸಿಕೊಂಡ ಕಟ್ಟಡಗಳಲ್ಲಿ ಎಷ್ಟೋ ಕಟ್ಟಡಗಳ ಮಾಡು ಸೋರುತ್ತಿರುತ್ತದೆ, ಅಷ್ಟೆ.

ಮೊದಲು ಪಟ್ಟಿ

ಒಂದು ನೋಟ್‌ಬುಕ್, ಅಳತೆ ಟೇಪು, ಮೊಬೈಲ್ ಕ್ಯಾಮೆರಾ ಹಿಡಿದು ಪೇಟೆ ಬೀದಿ, ರಥಬೀದಿ, ಕೋಟೆ ಕೇರಿಗಳನ್ನು ಎರಡು ಭಾನುವಾರ ನಡೆದು ನೋಡಿ. ಪ್ರತಿ ಕಟ್ಟಡಕ್ಕೂ ಒಂದು ಪುಟ ಮೀಸಲಿಟ್ಟು, ಖಾತೆ ಯಾರ ಹೆಸರಿನಲ್ಲಿದೆ, ಗೋಡೆ ಮಣ್ಣಿನದೋ ಕಲ್ಲಿನದೋ, ಮಾಡು ಹಂಚಿನದೋ ಮದ್ರಾಸ್ ತಾರಸಿಯದೋ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸಮತಟ್ಟು ಮಾಡು), ಸದ್ಯ ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಬರೆದುಕೊಳ್ಳಿ. ಕಟ್ಟಿದ ವರ್ಷ ಬಾಗಿಲುವಾಡದ ಮೇಲೋ ಮುಂಭಾಗದ ಗಾರೆಯಲ್ಲೋ ಸಿಕ್ಕರೆ ಅದೃಷ್ಟ.

ಮಂಗಳೂರು ಹಂಚನ್ನು ತಿರುಗಿಸಿ ವರ್ಷ ಓದುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಬಾಸೆಲ್ ಮಿಷನ್ ಹಂಚಿನ ಮೇಲಿರುವ 1865 ಎಂಬುದು ಆ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ನಿಮ್ಮ ಮನೆಯ ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ಅನಂತರ ಆ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದ್ದರಿಂದ, ಹಂಚಿನ ಮೇಲೆ ಯಾರ ಹೆಸರಿದೆ ಎಂಬುದು ಅಂಕಿಗಿಂತ ಹೆಚ್ಚು ನಂಬಬಹುದಾದ ಸುಳಿವು. ಅದೂ ಮಾಡಿನ ಕಾಲವನ್ನು ಹೇಳುತ್ತದೆ, ಗೋಡೆಯ ಕಾಲವನ್ನಲ್ಲ.

ಕಾಗದದ ಕೆಲಸ

ಪುರಾತನ ಸ್ಮಾರಕಗಳ ರಕ್ಷಣೆಗಿರುವ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲು ಅವಕಾಶ ಕೊಡುತ್ತವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆದರೆ ಹಳೆಯ ಅಂಚೆ ಕಚೇರಿ, ಮುಸಾಫಿರ್‌ಖಾನೆ, ಛತ್ರ, ತೊಟ್ಟಿ ಮನೆ, ಶಾಲೆಗಳಲ್ಲಿ ಬಹುಪಾಲು ಈ ಎರಡೂ ಪಟ್ಟಿಗಳಲ್ಲಿ ಇರುವುದಿಲ್ಲ. ಅವುಗಳಿಗೆ ಹತ್ತಿರದ ದಾರಿಯೆಂದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪಾರಂಪರಿಕ ಕಟ್ಟಡಗಳನ್ನು ಗುರುತಿಸಲು ಅದರಲ್ಲಿ ಅವಕಾಶವಿದೆ. ನಿಮ್ಮ ಪಟ್ಟಿಯ ಪ್ರತಿಯನ್ನು ಯೋಜನಾ ಪ್ರಾಧಿಕಾರಕ್ಕೂ ಪುರಸಭೆಯ ಮುಖ್ಯಾಧಿಕಾರಿಗೂ ಪುರಾತತ್ತ್ವ ಇಲಾಖೆಗೂ ಕೊಟ್ಟು, ಮರೆಯದೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಸರ್ಕಾರಿ ಕಟ್ಟಡವನ್ನು ಕೆಡವುವ ಸುದ್ದಿ ಕಿವಿಗೆ ಬಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಪರಿಶೀಲನಾ ವರದಿಯ ಪ್ರತಿಯನ್ನು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ ಸುಮಾರು 150 ಪದಗಳೊಳಗೆ ಇರಬೇಕಾದ್ದರಿಂದ ಊರಿನ ಇತಿಹಾಸವನ್ನೆಲ್ಲ ಅದರಲ್ಲಿ ತುಂಬಬೇಡಿ. ಯಾರು, ಯಾವ ದಿನ, ಯಾವ ಪರೀಕ್ಷೆ ಮಾಡಿ ಶಿಥಿಲವೆಂದು ನಿರ್ಧರಿಸಿದರು ಎಂಬುದಷ್ಟೇ ಸಾಕು. ವರದಿ ಕೈಗೆ ಬಂದ ಮೇಲೆ ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿದ ಅನುಭವವಿರುವ ಎಂಜಿನಿಯರ್ ಒಬ್ಬರಿಂದ ಎರಡನೆಯ ಅಭಿಪ್ರಾಯ ಪಡೆಯಿರಿ. ಪರಂಪರೆಯ ಸಂರಕ್ಷಣೆಗಾಗಿ 1984ರಲ್ಲಿ ಸ್ಥಾಪನೆಯಾದ ಇಂಟಾಕ್ ಸಂಸ್ಥೆಯ ಸ್ಥಳೀಯ ಘಟಕಗಳಲ್ಲಿ ಇಂಥವರ ಪರಿಚಯ ಸಿಗುತ್ತದೆ.

ಖಾಸಗಿ ಮನೆಯ ವಿಷಯದಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಬೇಕು. ಮನೆಯವರನ್ನು ಕೇಳದೆ ಇಲಾಖೆಗೆ ಪತ್ರ ಬರೆದರೆ ‘ಸರ್ಕಾರ ಮನೆ ಕಿತ್ತುಕೊಳ್ಳುತ್ತದೆ’ ಎಂಬ ಹೆದರಿಕೆಗೇ ರಾತ್ರೋರಾತ್ರಿ ಕೆಡವಿಸುವವರಿದ್ದಾರೆ. ಜಗುಲಿಯಲ್ಲಿ ಕೂತು ಹಿರಿಯರೊಡನೆ ಮಾತಾಡಿ. ಸಮಸ್ಯೆ ಸಾಮಾನ್ಯವಾಗಿ ಪಾಲಿನದು: ಐದು ಮಂದಿ ಅಣ್ಣತಮ್ಮಂದಿರಲ್ಲಿ ನಾಲ್ವರು ಬೆಂಗಳೂರಿನಲ್ಲಿದ್ದು, ಊರಲ್ಲಿರುವ ಒಬ್ಬರ ತಲೆಯ ಮೇಲೆ ಸೋರುವ ಮಾಡಿನ ಖರ್ಚೆಲ್ಲ ಬಿದ್ದಿರುತ್ತದೆ. ಅವರಿಗೆ ಬೇಕಾಗಿರುವುದು ಪರಂಪರೆಯ ಉಪದೇಶವಲ್ಲ, ಮಳೆಗಾಲದೊಳಗೆ ಹಂಚು ಕೈಯಾಡಿಸುವ ಆಳು.

ನೀರು ಮತ್ತು ಗಾರೆ

ದುರಸ್ತಿ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬರಬೇಕು. ಒಡೆದ ಹಂಚು, ಕಟ್ಟಿಕೊಂಡ ನೀರಿನ ದೋಣಿ, ಗೋಡೆಯ ಬುಡಕ್ಕೆ ಹರಿಯುವ ಬಚ್ಚಲು ನೀರು ಸರಿಯಾಗುವವರೆಗೆ ಗೋಡೆ ಮುಟ್ಟಬೇಡಿ. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಹಿಡಿದು ಜಗ್ಗಿದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿ, ಬೇರು ಸತ್ತ ಮೇಲೆ ಬಿಡಿಸಿ ಸಂದು ತುಂಬಬೇಕು.

ನಾನು ಓದಿದ ಶಾಲೆಯ ಮಣ್ಣುಗಾರೆಯ ಗೋಡೆಗೆ ಶತಮಾನೋತ್ಸವದ ನೆಪದಲ್ಲಿ ಸಿಮೆಂಟ್ ಪ್ಲಾಸ್ಟರ್ ಬಳಿದು, ಮೇಲೆ ಹೊಳೆಯುವ ಬಣ್ಣ ಹೊಡೆದಿದ್ದರು. ಮೂರನೆಯ ಮಳೆಗಾಲಕ್ಕೆ ಪ್ಲಾಸ್ಟರು ಹಲಗೆ ಹಲಗೆಯಾಗಿ ಕಳಚಿತು. ಅದರ ಹಿಂದೆ ಮಣ್ಣು ಅಂಬಲಿಯಂತಾಗಿತ್ತು. ಗೋಡೆಯೊಳಗೆ ಹೂತಿದ್ದ ತೊಲೆಯ ತುದಿ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಹಳೆಯ ಗೋಡೆ ನೆಲದ ತೇವವನ್ನು ಎಳೆದುಕೊಂಡು ಮೈಯಿಂದಲೇ ಹೊರಕ್ಕೆ ಬಿಡುತ್ತದೆ, ಸುಣ್ಣದ ಗಾರೆ ಅದಕ್ಕೆ ಅಡ್ಡಿಮಾಡುವುದಿಲ್ಲ. ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ನೀರು ಒಳಗೇ ನಿಂತು ಮರಕ್ಕೆ ತಗಲುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ದುರಸ್ತಿಯೇ ಆ ಶಾಲೆಯನ್ನು ಶಿಥಿಲದ ಪಟ್ಟಿಗೆ ಸೇರಿಸಿತು.

ಗಾರೆ ಮಾಡುವುದು ಗುಟ್ಟಿನ ವಿದ್ಯೆಯೇನಲ್ಲ, ತಾಳ್ಮೆಯ ಕೆಲಸ. ಗುಂಡಿಯಲ್ಲಿ ನೀರು ತುಂಬಿ ಸುಟ್ಟ ಸುಣ್ಣದ ಹರಳನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಅರಳಿಸಿ. ನೀರು ಕೊತಕೊತ ಕುದಿದು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು, ಮಕ್ಕಳು ದೂರವಿರಬೇಕು. ಅರಳಿದ ಸುಣ್ಣವನ್ನು ಸೋಸಿ, ನೀರಿನಡಿಯಲ್ಲಿ ಕೆಲವು ವಾರ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಅದರ ಒಂದು ಪಾಲಿಗೆ ಮರಳು ಮತ್ತು ಇಟ್ಟಿಗೆ ಪುಡಿ ಸೇರಿ ಎರಡರಿಂದ ಮೂರು ಪಾಲು ಬೆರೆಸಿ ಚೆನ್ನಾಗಿ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ರೂಢಿಯೂ ಇದೆ. ಆದರೆ ಬೆಲ್ಲ ಹಾಕಿದ ಮಾತ್ರಕ್ಕೆ ಕೆಟ್ಟ ಗಾರೆ ಒಳ್ಳೆಯದಾಗದು. ಗೋಡೆಯನ್ನು ನೆನೆಸಿ ತೆಳುವಾದ ಪದರಗಳಲ್ಲಿ ಬಳಿದು, ಒದ್ದೆ ಗೋಣಿತಾಟು ಇಳಿಬಿಟ್ಟು ವಾರಗಟ್ಟಲೆ ತೇವ ಕಾಪಾಡಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ನಿಧಾನವಾಗಿ ಗಟ್ಟಿಯಾಗುವುದರಿಂದ, ಉದ್ಘಾಟನೆಯ ದಿನಾಂಕ ಗೊತ್ತುಮಾಡಿಕೊಂಡು ಈ ಕೆಲಸಕ್ಕೆ ಇಳಿಯಬಾರದು.

ದೇವಸ್ಥಾನವಾದರೆ ಹಣದ ಹಾದಿ ಸ್ವಲ್ಪ ಸುಲಭ: ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಸರ್ಕಾರ ಮತ್ತು ಊರಿನವರ ಪಾಲಿನೊಂದಿಗೆ ಹಳೆಯ ದೇಗುಲಗಳನ್ನು ಜೀರ್ಣೋದ್ಧಾರ ಮಾಡಿಕೊಂಡು ಬಂದಿದೆ.

ಬೀಗ ಹಾಕಬೇಡಿ

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗಿರುವ ನವನಾರೀಕುಂಜರವನ್ನೂ ಐವರು ಸೇರಿ ಕುದುರೆಯಾಗಿರುವ ಪಂಚನಾರೀತುರಗವನ್ನೂ ನೋಡಲು ಜನ ಬರುತ್ತಾರೆ. ಆ ಮನೆತನದವರು ಅಲ್ಲಿ ಬಾಳಿಕೊಂಡು ಬಂದದ್ದೂ ಆ ಕಂಬಗಳು ಉಳಿದದ್ದಕ್ಕೆ ಕಾರಣವೆಂದು ನನ್ನ ಅನಿಸಿಕೆ. ದಿನವೂ ಬಾಗಿಲು ತೆರೆದು ಕಸ ಗುಡಿಸುವ ಮನೆಯಲ್ಲಿ ಗೆದ್ದಲು ಬೇಗ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ದುರಸ್ತಿಯ ಜೊತೆಗೇ ಗ್ರಂಥಾಲಯವೋ ಯಕ್ಷಗಾನದ ತಾಲೀಮು ಮನೆಯೋ ಸ್ವಸಹಾಯ ಸಂಘದ ಮಳಿಗೆಯೋ ಬರುವಂತೆ ಪುರಸಭೆಯಲ್ಲಿ ಠರಾವು ಮಾಡಿಸಿಕೊಳ್ಳಿ.

ಇಷ್ಟಾದರೂ ಕೆಲವು ಕಟ್ಟಡಗಳು ಉಳಿಯುವುದಿಲ್ಲ. ವಿಜಯನಾಥ ಶೆಣೈಯವರು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಷ್ಟು ದೊಡ್ಡ ಸಾಹಸ ನಮ್ಮಿಂದ ಆಗದಿದ್ದರೂ, ಕೆಡವುವ ಮುಂಚೆ ನೆಲದ ನಕ್ಷೆ ತೆಗೆದು, ಒಂದೊಂದು ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ತುಂಡು), ತೊಲೆಗೂ ಅಳಿಸದ ಬಣ್ಣದಲ್ಲಿ ಸಂಖ್ಯೆ ಬರೆದು, ಅದೇ ಸಂಖ್ಯೆಗಳನ್ನು ನಕ್ಷೆಯಲ್ಲೂ ಗುರುತಿಸಿ. ಹರಾಜಿನಲ್ಲಿ ಆ ಮರವನ್ನು ಯಾರೇ ಕೊಂಡರೂ, ಅವರ ಕೈಗೆ ನಕ್ಷೆಯ ಒಂದು ಪ್ರತಿಯನ್ನು ಕೊಟ್ಟು ಕಳುಹಿಸಿ.